ಸೆಸೀಲ್ ಶಾಮಿನಾದ್: ಕೊಳಲು ಉಳಿಸಿಕೊಟ್ಟ ಹೆಸರು

ಕೊಳಲು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಗೋಪಾಲಕೃಷ್ಣ. ಸಂಗೀತಪ್ರಿಯರಿಗೆ ಮಾಲಿಯವರ ನೆನಪೂ ಆದೀತು. ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಕೈಗೆ ಶಾಲೆಯ ಬ್ಯಾಂಡಿನಲ್ಲಿ ಸಿಗುವುದು ಬಿದಿರಿನ ಕೊಳಲಲ್ಲ, ಕೀಲಿಗಳುಳ್ಳ ಲೋಹದ ಫ್ಲೂಟು. ಅದನ್ನು ಬಿಡದೆ ಕಲಿತ ಮಕ್ಕಳು ಒಂದಲ್ಲ ಒಂದು ದಿನ ಶಾಮಿನಾದ್ ಎಂಬ ಹೆಸರು ಅಚ್ಚಾದ ಸಂಗೀತದ ಹಾಳೆಗಳನ್ನು ಮನೆಗೆ ತರುವುದುಂಟು. ಆ ಹೆಸರು ಒಬ್ಬ ಮಹಿಳೆಯದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಸೆಸೀಲ್ ಶಾಮಿನಾದ್ ಹುಟ್ಟಿದ್ದು 1857ರ ಆಗಸ್ಟ್ 8ರಂದು, ಪ್ಯಾರಿಸ್ಸಿನಲ್ಲಿ. ತಾಯಿ ಪಿಯಾನೊ ನುಡಿಸುತ್ತಿದ್ದರು; ವಿಮಾ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದ ತಂದೆಗೆ ಪಿಟೀಲು ಬರುತ್ತಿತ್ತು. ನೆರೆಯವರಾಗಿದ್ದ ಪ್ರಸಿದ್ಧ ಸಂಗೀತಕಾರ ಬಿಜೆ ಈ ಬಾಲೆಯ ಪ್ರತಿಭೆಯನ್ನು ಕಂಡು ಮೆಚ್ಚಿದರು. ಪ್ಯಾರಿಸ್ ಕನ್ಸರ್ವೇಟರಿಗೆ ಸೇರಿಸಬೇಕೆಂಬ ಸಲಹೆಯೂ ಬಂತು. ತಂದೆ ಒಪ್ಪಲಿಲ್ಲ. ಮರ್ಯಾದಸ್ಥರ ಮನೆಯ ಹುಡುಗಿ ಹೆಂಡತಿಯಾಗಿ, ತಾಯಿಯಾಗಿ ಬಾಳಬೇಕೇ ಹೊರತು ಸಂಗೀತವನ್ನು ವೃತ್ತಿ ಮಾಡಿಕೊಳ್ಳಬಾರದೆಂಬುದು ಅವರ ನಿಲುವು. ಕೊನೆಗೆ ಅದೇ ಸಂಸ್ಥೆಯ ಅಧ್ಯಾಪಕರಿಂದ ಖಾಸಗಿಯಾಗಿ ಪಾಠ ಹೇಳಿಸಲಾಯಿತು. ಈ ಕಥೆ ಫ್ರಾನ್ಸಿನದಾದರೂ ನಮ್ಮ ಅಜ್ಜಿಯರ ಕಾಲದ ಕಥೆಯಂತೆಯೇ ಕೇಳಿಸುವುದಿಲ್ಲವೇ?

1887ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಶಾಮಿನಾದರ ಬ್ಯಾಲೆ 'ಕಾಲಿರೋಯೆ' ಮಾರ್ಸೇಯಲ್ಲಿ ರಂಗವೇರಿತು. ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ 'ಕಾನ್ಸರ್ಟ್‌ಸ್ಟುಕ್' ಕೂಡ ಆ ವರ್ಷಗಳದ್ದೇ. ಆದರೆ ಜೀವನ ಸಾಗಬೇಕಲ್ಲ! ಬೇಗ ಅಚ್ಚಾಗಿ ಬೇಗ ಮಾರಾಟವಾಗುವ ಹಾಡುಗಳು ಮತ್ತು ಚಿಕ್ಕ ಪಿಯಾನೊ ಕೃತಿಗಳತ್ತ ಆಕೆ ಹೆಚ್ಚು ಒಲಿದರು. ಒಟ್ಟು ಸುಮಾರು 400 ರಚನೆಗಳು. ಅವುಗಳಲ್ಲಿ ಬಹುಪಾಲು ಆಕೆ ಬದುಕಿದ್ದಾಗಲೇ ಪ್ರಕಟವಾದವು. ವಿಮರ್ಶಕರಿಗೆ ಮಾತ್ರ ಸಮಾಧಾನವಿಲ್ಲ. ಚಿಕ್ಕದನ್ನು ಬರೆದರೆ ಹೆಣ್ಣುತನ ಅತಿಯಾಯಿತೆಂದರು. ದೊಡ್ಡದನ್ನು ಬರೆದರೆ ಗಂಡಸರ ಅನುಕರಣೆಯೆಂದರು.

1902ರಲ್ಲಿ ಒಂದು ವಿಶೇಷ ನಡೆಯಿತು. ಚಿಕ್ಕಂದಿನಲ್ಲಿ ಶಾಮಿನಾದ್ ಸೇರಲಾಗದೆ ಹೋದ ಅದೇ ಕನ್ಸರ್ವೇಟರಿ ತನ್ನ ಫ್ಲೂಟ್ ವಿದ್ಯಾರ್ಥಿಗಳ ವಾರ್ಷಿಕ ಸ್ಪರ್ಧಾಪರೀಕ್ಷೆಗೆ ಆಕೆಯ 'ಕನ್ಸರ್ಟಿನೊ'ವನ್ನು ಗೊತ್ತುಮಾಡಿತು. ಅಲ್ಲಿನ ಪ್ರಾಧ್ಯಾಪಕ ಪಾಲ್ ತಫನೆಲ್ ಅವರಿಗೆ ಅದು ಅರ್ಪಿತವಾಗಿದೆ. ಎಂಟು ನಿಮಿಷದ ಈ ಕೃತಿ ಸಾವಧಾನವಾದ, ಹಾಡಿನಂತಹ ಸ್ವರಗಳಿಂದ ಆರಂಭವಾಗಿ, ನಡುವೆ ಬೆರಳುಗಳ ಚುರುಕನ್ನು ಪರೀಕ್ಷಿಸಿ, ವಾದಕ ಒಬ್ಬನೇ ನುಡಿಸುವ ಭಾಗವನ್ನು ದಾಟಿ ಮತ್ತೆ ಮೊದಲ ರಾಗಕ್ಕೆ ಮರಳುತ್ತದೆ. ಉದ್ದುದ್ದ ಸಾಲುಗಳನ್ನು ಒಂದೇ ಉಸಿರಿನಲ್ಲಿ ನುಡಿಸಬೇಕಾದಾಗ ಶ್ವಾಸಕೋಶಕ್ಕೆ ಎಷ್ಟು ಕೆಲಸವೆಂಬುದು ವೈದ್ಯರಾದ ನಮಗೆ ತಿಳಿಯದ್ದೇನಲ್ಲ! ಕೈಬಿಟ್ಟುಹೋದ ಪ್ರಿಯತಮನೊಬ್ಬನನ್ನು ತಬ್ಬಿಬ್ಬುಗೊಳಿಸಲೆಂದೇ ಆಕೆ ಇದನ್ನು ಇಷ್ಟು ಕಷ್ಟವಾಗಿ ಬರೆದರೆಂಬ ಕಟ್ಟುಕಥೆಯೊಂದಿದೆ. ಅದಕ್ಕೆ ಆಧಾರವಿಲ್ಲ. ಹೆಣ್ಣಿನ ಪಾಂಡಿತ್ಯಕ್ಕೆ ಪ್ರೇಮಭಂಗದ ಕಾರಣ ಹುಡುಕುವುದು ಲೋಕದ ರೂಢಿ, ಅಷ್ಟೆ.

1901ರಲ್ಲಿ ಆಕೆ ವರಿಸಿದ್ದು ತನಗಿಂತ ಬಹಳ ಹಿರಿಯರಾದ ಸಂಗೀತ ಪ್ರಕಾಶಕ ಕಾರ್ಬೊನೆಲ್ ಅವರನ್ನು. 1907ರಲ್ಲಿ ಅವರೂ ತೀರಿಕೊಂಡರು. 1908ರಲ್ಲಿ ಅಮೆರಿಕಕ್ಕೆ ಬಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಸೇರಿದಂತೆ ಹಲವು ನಗರಗಳಲ್ಲಿ ಪಿಯಾನೊ ಕಛೇರಿ ನಡೆಸಿದರು. ಇಲ್ಲಿನ ಮಹಿಳೆಯರು ಊರೂರಿನಲ್ಲಿ ಶಾಮಿನಾದ್ ಕ್ಲಬ್ಬುಗಳನ್ನು ಕಟ್ಟಿಕೊಂಡಿದ್ದರು. 1913ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ನೀಡಿತು. ಈ ಗೌರವ ಪಡೆದ ಮೊದಲ ಸಂಗೀತ ರಚನಕಾರ್ತಿ ಈಕೆಯೇ.

ಮೊದಲ ಮಹಾಯುದ್ಧದ ನಂತರ ಅಭಿರುಚಿ ಬದಲಾಯಿತು, ಬರವಣಿಗೆ ವಿರಳವಾಯಿತು. ಕಾಯಿಲೆಯಿಂದ ಒಂದು ಪಾದವನ್ನೂ ಕಳೆದುಕೊಂಡ ಶಾಮಿನಾದ್ 1944ರ ಏಪ್ರಿಲ್ 13ರಂದು ಮಾಂಟೆ ಕಾರ್ಲೋದಲ್ಲಿ ಕಣ್ಣುಮುಚ್ಚಿದಾಗ ಜನ ಆಕೆಯನ್ನು ಬಹುಮಟ್ಟಿಗೆ ಮರೆತಿದ್ದರು. ನೂರಾರು ಹಾಡುಗಳು ಮೂಲೆಗೆ ಸರಿದರೂ ಕನ್ಸರ್ಟಿನೊ ಉಳಿಯಿತು. ಪ್ರತಿ ಪೀಳಿಗೆಯ ಫ್ಲೂಟ್ ವಿದ್ಯಾರ್ಥಿಗಳು ಅದನ್ನು ಕಲಿತು ನುಡಿಸುತ್ತ ಬಂದದ್ದೇ ಇದಕ್ಕೆ ಕಾರಣ. ಅದರ ಬೆನ್ನು ಹಿಡಿದೇ ಆಕೆಯ ಉಳಿದ ಕೃತಿಗಳೂ ಈಚಿನ ದಶಕಗಳಲ್ಲಿ ಮತ್ತೆ ಕಛೇರಿಗೆ ಬಂದಿವೆ.

ನುಡಿಸುವವರಿಲ್ಲದ ಸಂಗೀತ ಬರೀ ಕಾಗದ. ಆದ್ದರಿಂದ ನಮ್ಮ ಕೂಟದ ಮಕ್ಕಳಿಗೆ ಒಂದು ಕಿವಿಮಾತು: ವೇದಿಕೆ ಹತ್ತುವ ಮೊದಲು ಹಾಳೆಯ ಮೇಲಿರುವ ಹೆಸರು ಯಾರದೆಂದು ತಿಳಿದುಕೊಳ್ಳಿ, ಸಭೆಗೂ ತಿಳಿಸಿ. ತಂದೆತಾಯಂದಿರಾದ ನಮಗೂ ಒಂದು ಮಾತು: ಮಗಳಿಗೆ ಸಂಗೀತವೇ ಬೇಕೆನಿಸಿದರೆ ಬಾಗಿಲಿಗೆ ಅಡ್ಡ ನಿಲ್ಲುವುದು ಬೇಡ.