ಪುಸ್ತಕದ ಗಂಟು ಹೊತ್ತ ಗಳಗನಾಥರು

ಗಳಗನಾಥರನ್ನು ಕನ್ನಡ ಕಾದಂಬರಿಯ ಪಿತಾಮಹರೆಂದು ಕರೆಯುವುದು ರೂಢಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅವರು ಇನ್ನೊಂದು ಕಾರಣಕ್ಕೆ ಮುಖ್ಯರು. ತಿಂಗಳ ಸಂಬಳ ಖಾತ್ರಿಯಿದ್ದ ಶಿಕ್ಷಕ ವೃತ್ತಿಯನ್ನು ಬಿಟ್ಟು ಬರವಣಿಗೆಯನ್ನೇ ನೆಚ್ಚಿ ಬದುಕಲು ಹೊರಟ ಮೊದಲ ಕೆಲವೇ ಕನ್ನಡಿಗರಲ್ಲಿ ಅವರೊಬ್ಬರು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ವರದೆಯು ತುಂಗಭದ್ರೆಯನ್ನು ಕೂಡುವ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಜನಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಮಾಸ್ತರರಾದರು. 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ ಕಾದಂಬರಿ ಬರೆದರು. ಮುಂದೆ ನೌಕರಿಗೆ ರಾಜೀನಾಮೆ ಕೊಟ್ಟು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಹೊಣೆ ಹೊತ್ತರು. ಆ ಬಳಿಕ ಹಾವೇರಿಯಿಂದ ‘ಸದ್ಗುರು’ ಮಾಸಪತ್ರಿಕೆಯನ್ನು ನಡೆಸಿದರು.

ಈ ನಿರ್ಧಾರದ ಹಿಂದಿನ ಲೆಕ್ಕಾಚಾರವನ್ನು ಯಾವ ಬ್ಯಾಂಕೂ ಒಪ್ಪುವಂತಿರಲಿಲ್ಲ. 1901ರ ಜನಗಣತಿಯಂತೆ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಐವರ ಆಸುಪಾಸು. ಉತ್ತರ ಕರ್ನಾಟಕದ ಓದುಬಲ್ಲವರಲ್ಲಿ ಅನೇಕರ ಒಲವು ಮರಾಠಿಯ ಕಡೆಗೆ. ಕಾಗದಕ್ಕೂ ಅಚ್ಚಿಗೂ ಮೊದಲೇ ಹಣ ಸುರಿಯಬೇಕು. ಅದು ಹಿಂತಿರುಗುವುದು ಆಣೆ ಆಣೆಯಾಗಿ, ಅದೂ ಎಷ್ಟೋ ದಿನಗಳ ಮೇಲೆ. ಗಳಗನಾಥರು ಬರೆದರು, ಅಚ್ಚು ಹಾಕಿಸಿದರು, ಕೊನೆಗೆ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಬಾಗಿಲಿಗೆ ಹೋಗಿ ಮಾರಿದರು. ಲೇಖಕ, ಪ್ರಕಾಶಕ, ಮಾರಾಟಗಾರ ಮೂವರೂ ಒಬ್ಬರೇ ಆದಾಗ ನಷ್ಟವನ್ನು ಹಂಚಿಕೊಳ್ಳಲು ಮತ್ತೊಬ್ಬರಿರುವುದಿಲ್ಲ. ಆದರೆ ಆ ತಿರುಗಾಟದಿಂದ ಒಂದು ಲಾಭವಿತ್ತು: ಓದುಗನಿಗೆ ಏನು ಬೇಕೆಂಬುದು ಅವರಿಗೆ ನೇರವಾಗಿ ತಿಳಿಯುತ್ತಿತ್ತು.

ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಅವರು ಕನ್ನಡಕ್ಕೆ ಒಗ್ಗಿಸಿದ್ದನ್ನು ಸ್ವಂತಿಕೆಯ ಕೊರತೆಯೆಂದು ಹಗುರಾಗಿ ಕಾಣುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಮರಾಠಿಯ ರುಚಿ ಹತ್ತಿದ್ದ ಓದುಗನನ್ನು ಕನ್ನಡಕ್ಕೆ ಕರೆತರಲು ಅದಕ್ಕಿಂತ ನೇರವಾದ ದಾರಿ ಇರಲಿಲ್ಲ. ನೀತಿಬೋಧೆ ದೀರ್ಘವಾದಾಗ ಪುಟ ಮಗುಚುವ ಚಾಳಿ ನನಗೂ ಇದೆಯೆನ್ನಿ. ಆದರೂ ಕಥೆ ಕೈಬಿಡುವುದಿಲ್ಲ.

ವಿಜಯನಗರ ಬಡಾವಣೆಗೆ ಹೊಂದಿಕೊಂಡ ಮಾರೇನಹಳ್ಳಿಯಲ್ಲಿ, ನಾನಿರುವ ಕಡೆ, ಸಂಬಳವಿಲ್ಲದೆ ಕೆಲಸಕ್ಕಿಷ್ಟು ಎಂದು ದುಡಿಯುವ ಅನುವಾದಕರು, ಪುಟವಿನ್ಯಾಸಕರು, ಛಾಯಾಗ್ರಾಹಕರು ಹಲವರಿದ್ದಾರೆ. ಕೆಲಸ ಒಪ್ಪಿಸಿದ ಮೇಲೆ ಹಣಕ್ಕಾಗಿ ತಿಂಗಳುಗಟ್ಟಲೆ ಫೋನು ಮಾಡುವುದೇ ಅವರಿಗೆ ಎರಡನೆಯ ಕೆಲಸ. ಪಿಂಚಣಿದಾರನಾದ ನನಗೆ ಆ ಆತಂಕದ ಅನುಭವವಿಲ್ಲ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಡಿಜಿಟಲ್ ವೇದಿಕೆಗಳ ಮೂಲಕ ದುಡಿಯುವವರಿಗೆ ಅನ್ವಯಿಸುತ್ತದೆ. ಗಿರಾಕಿಯಿಂದ ನೇರವಾಗಿ ಕೆಲಸ ಹಿಡಿಯುವವರು ಅದರ ಹೊರಗಿದ್ದಾರೆ. ಕಿರು ಉದ್ದಿಮೆಯಾಗಿ ನೋಂದಾಯಿಸಿಕೊಂಡವರಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 2006ರ ಕೇಂದ್ರ ಕಾಯ್ದೆಯೇನೋ ಹೇಳುತ್ತದೆ. ಆದರೆ ನಾಳೆಯೂ ಕೆಲಸ ಕೊಡಬೇಕಾದ ಗಿರಾಕಿಯ ಮೇಲೆ ದೂರು ಕೊಡುವವರಾರು?

ಗಳಗನಾಥರ ಕಾಲದಲ್ಲಿ ಅಂಥ ಕಾಯ್ದೆಯ ಕಲ್ಪನೆಯೂ ಇರಲಿಲ್ಲ. ವಿಜಯನಗರದ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಲ್ಲಿ ಹೇಳಿದ ಅವರು, ಅದರ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ವನ್ನು 1923ರಲ್ಲಿ ಪ್ರಕಟಿಸಿದರು. ಇದು ಮರಾಠಿಯ ರೂಪಾಂತರವಲ್ಲ, ಅವರ ಸ್ವಂತ ಕೃತಿ. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಇಷ್ಟೆಲ್ಲ ಬರೆದರೂ ಬಡತನ ಅವರನ್ನು ಬಿಡಲಿಲ್ಲ. 1942ರಲ್ಲಿ ತೀರಿಕೊಂಡಾಗ, ಅವರ ಪುಸ್ತಕಗಳಿಂದಲೇ ಓದಿನ ಗೀಳು ಹತ್ತಿಸಿಕೊಂಡ ಒಂದು ತಲೆಮಾರು ಕನ್ನಡದಲ್ಲಿ ಕಾದಂಬರಿ ಬರೆಯತೊಡಗಿತ್ತು.