ಕಂಕನಾಡಿಯ ಫಾದರ್ ಮುಲ್ಲರ್

ಬಂದು ಹೋಗುವ ರೋಗವೇ ಬೇರೆ, ಬಂದು ನಿಲ್ಲುವ ರೋಗವೇ ಬೇರೆ. ಮೊದಲನೆಯದಕ್ಕೆ ಮದ್ದು ಸಿಕ್ಕಿದರೆ ರೋಗಿ ತನ್ನ ಮನೆಗೆ ತಾನು ಹಿಂದಿರುಗುತ್ತಾನೆ. ಎರಡನೆಯದು ಬಂದವನಿಗೆ ಹಿಂದಿರುಗಲು ಮನೆಯೇ ಉಳಿದಿರುವುದಿಲ್ಲ. ಅವನಿಗೆ ಮದ್ದಿನೊಡನೆ ನೆಲೆ ಬೇಕು, ಅನ್ನ ಬೇಕು, ಗಾಯ ತೊಳೆಯುವ ಕೈ ಬೇಕು, ಅದೂ ಒಂದೆರಡು ದಿನಕ್ಕಲ್ಲ, ವರ್ಷಗಟ್ಟಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಂಗಳೂರಿನಲ್ಲಿ ಈ ಭೇದವನ್ನು ಮನಗಂಡು, ಅದಕ್ಕೆ ತಕ್ಕಂತೆ ಸಂಸ್ಥೆ ಕಟ್ಟಿದವರು ಫಾದರ್ ಅಗಸ್ಟಸ್ ಮುಲ್ಲರ್ ಅವರು. ಅವರ ಹೆಸರಿನ ಆಸ್ಪತ್ರೆಯನ್ನು ಅರಿಯದವರು ಕರಾವಳಿಯಲ್ಲಿ ವಿರಳ. ಆ ಆಸ್ಪತ್ರೆ ಯಾವ ಹಂಗಿನಿಂದ, ಯಾರಿಗಾಗಿ ಬೆಳೆಯಿತೆಂಬುದನ್ನು ಬಲ್ಲವರು ಅಷ್ಟಿಲ್ಲ.

ಮುಲ್ಲರ್ ಅವರು ಜನಿಸಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ. ಯೇಸು ಸಭೆಯನ್ನು ಸೇರಿ ಸಂನ್ಯಾಸದೀಕ್ಷೆ ಹೊಂದಿದರು. 1878ರಲ್ಲಿ ಮಂಗಳೂರಿನ ಕ್ರೈಸ್ತ ಧರ್ಮಪ್ರಾಂತದ ಹೊಣೆಯನ್ನು ಯೇಸು ಸಭೆಗೆ ವಹಿಸಲಾಯಿತು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಇಲ್ಲಿಗೆ ಬಂದಿಳಿದ ಮೊದಲ ತಂಡದಲ್ಲಿ ಅವರೂ ಒಬ್ಬರು. ತಂಡದ ಮುಖ್ಯ ಉದ್ದೇಶ ವಿದ್ಯಾದಾನವಾಗಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಮುಲ್ಲರ್ ಅವರೂ ಅಧ್ಯಾಪಕ ವೃತ್ತಿಯಲ್ಲಿದ್ದರು. ಅವರು ವೈದ್ಯಶಾಲೆಯಲ್ಲಿ ಓದಿ ಪದವಿ ಪಡೆದವರಲ್ಲ. ಹೋಮಿಯೋಪಥಿಯನ್ನು ಬಲ್ಲ ಪಾದ್ರಿಗಳು, ಅಷ್ಟೇ.

ಆ ಬಲ್ಲವಿಕೆಯೊಂದನ್ನೇ ಬಂಡವಾಳವಾಗಿರಿಸಿಕೊಂಡು ಅವರು 1880ರಲ್ಲಿಯೇ ಕಂಕನಾಡಿಯಲ್ಲಿ ಬಡವರಿಗೆ ಮದ್ದು ಕೊಡಲಾರಂಭಿಸಿದರು. ಆಲದ ಮರದ ನೆರಳಿನಲ್ಲಿ ಚಿಕ್ಕದೊಂದು ಔಷಧದ ಪೆಟ್ಟಿಗೆಯೊಡನೆ ಕುಳಿತು ಆರಂಭಿಸಿದರೆಂದು ಮಂಗಳೂರಿನ ಜನ ಇಂದಿಗೂ ಹೇಳುತ್ತಾರೆ. ಹೋಮಿಯೋಪಥಿಯ ಗುಳಿಗೆ ಅಗ್ಗ, ಹೊತ್ತೊಯ್ಯಲು ಹಗುರ. ಒಂದು ಪೆಟ್ಟಿಗೆಯಿಂದ ಒಂದು ಊರನ್ನೇ ಸಂತೈಸಬಹುದಾಗಿತ್ತು. ಈ ಪದ್ಧತಿಯ ಗುಣದ ಬಗೆಗೆ ಇಂದಿನ ವೈದ್ಯವಿಜ್ಞಾನಕ್ಕೆ ಬಲವಾದ ಆಕ್ಷೇಪಗಳಿವೆ. ಅದನ್ನು ಮರೆಮಾಚುವುದು ಚರಿತ್ರೆಗೆ ತಕ್ಕುದಲ್ಲ. ಆದರೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬಡವನ ಮುಂದೆ ಇದ್ದ ಆಯ್ಕೆ ಈ ಮದ್ದೋ ಮತ್ತೊಂದು ಮದ್ದೋ ಎಂಬುದಾಗಿರಲಿಲ್ಲ. ಒಬ್ಬರು ಕುಳಿತು ತನ್ನ ನೋವನ್ನು ಕೇಳುವರೋ, ಯಾರೂ ಕೇಳದಿರುವರೋ ಎಂಬುದಾಗಿತ್ತು.

ಹೀಗೆ ಬಂದವರ ನಡುವೆ ಗುಳಿಗೆಯಿಂದ ಮುಗಿಯದ ರೋಗಿಗಳೂ ಇದ್ದರು. ಅವರಲ್ಲಿ ಅತ್ಯಂತ ನಿರ್ಗತಿಕರು ಕುಷ್ಠರೋಗಿಗಳು. ಆ ಕಾಲದಲ್ಲಿ ಕುಷ್ಠವೆಂದರೆ ದೇಹದ ವ್ಯಾಧಿಯಷ್ಟೇ ಆಗಿರಲಿಲ್ಲ, ಬಹಿಷ್ಕಾರದ ತೀರ್ಪೂ ಆಗಿತ್ತು. ರೋಗಕ್ಕೆ ಸೂಕ್ಷ್ಮಾಣುವೇ ಕಾರಣವೆಂದು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದಿದ್ದರೂ, ಪಾಪದ ಫಲವೆಂಬ, ವಂಶದ ದೋಷವೆಂಬ ನಂಬಿಕೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಅಲುಗಾಡಿರಲಿಲ್ಲ. 1889ರ ಏಪ್ರಿಲ್ ತಿಂಗಳಿನಲ್ಲಿ ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಫಾದರ್ ದಾಮಿಯನ್ ಅದೇ ರೋಗದಿಂದ ಮಡಿದಾಗ ಲೋಕವೆಲ್ಲ ನಡುಗಿತು. ಕನಿಕರ ಹುಟ್ಟಿದಂತೆಯೇ ಅಂಜಿಕೆಯೂ ಇಮ್ಮಡಿಸಿತು.

ಆ ಅಂಜಿಕೆ ಹಸಿಯಾಗಿದ್ದಾಗಲೇ, 1890ರಲ್ಲಿ, ಮುಲ್ಲರ್ ಅವರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದರು. ಸಾಮಾನ್ಯ ರೋಗಿಗಳ ಆಸ್ಪತ್ರೆ ಅನಂತರದ ಮಾತು. ಅದರ ಆರಂಭ 1895ರಲ್ಲಿ. ಈ ಕ್ರಮ ಗಮನಾರ್ಹವಾದುದು. ಹೆಸರು ತರುವ, ದಾನಿಗಳ ಕಣ್ಣಿಗೆ ಒಪ್ಪುವ, ಗುಣವಾದವರ ಎಣಿಕೆಯನ್ನು ವರ್ಷಾಂತ್ಯದಲ್ಲಿ ಸಂತೋಷದಿಂದ ಹೇಳಿಕೊಳ್ಳಬಹುದಾದ ಕೆಲಸವನ್ನು ಮೊದಲು ಮಾಡಿ, ಗುಣವಾಗದವರನ್ನು ಆಮೇಲೆ ನೋಡುವುದು ಲೋಕರೂಢಿ. ಮುಲ್ಲರ್ ಅವರು ಗುಣವಾಗದವರಿಂದಲೇ ತೊಡಗಿದರು.

ಕುಷ್ಠ ಮುಖ್ಯವಾಗಿ ಚರ್ಮವನ್ನೂ ನರಗಳನ್ನೂ ಹಿಡಿಯುತ್ತದೆ. ನರ ಕೆಟ್ಟಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ. ಬಿಸಿ ಪಾತ್ರೆಯನ್ನು ಹಿಡಿದ ಕೈಗೆ ಬೆಂದುದು ತಿಳಿಯುವುದಿಲ್ಲ, ಮುಳ್ಳು ತುಳಿದ ಕಾಲಿಗೆ ನೋವಾಗುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ಜೋಪಾನ ಮಾಡುವುದಿಲ್ಲವಾದ್ದರಿಂದ ಅದು ಕೀತು ಎಲುಬನ್ನು ಮುಟ್ಟುತ್ತದೆ; ಬೆರಳುಗಳು ಸವೆಯುತ್ತವೆ, ಮಡಚಿಕೊಳ್ಳುತ್ತವೆ. ರೆಪ್ಪೆ ಮುಚ್ಚಲಾಗದೆ ಕಣ್ಣು ಕೆಡುವುದೂ ಉಂಟು. ಆದುದರಿಂದ ಅಂಗಹಾನಿಯ ಬಹುಭಾಗ ರೋಗಾಣುವಿನ ನೇರ ಕೃತ್ಯವಲ್ಲ, ಆರೈಕೆಯಿಲ್ಲದುದರ ಫಲ. ಅಂದು ರೋಗಾಣುವನ್ನು ಕೊಲ್ಲುವ ಔಷಧ ಯಾವ ಪದ್ಧತಿಯವರಲ್ಲಿಯೂ ಇರಲಿಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಎಣ್ಣೆಯನ್ನು ನಾಟಿ ವೈದ್ಯರು ಬಳಸುತ್ತಿದ್ದರು. ಅದರ ಗುಣವೂ ಅಷ್ಟಕ್ಕಷ್ಟೇ. ಆದರೆ ಪ್ರತಿದಿನ ಗಾಯ ತೊಳೆದು ಪಟ್ಟಿ ಕಟ್ಟುವುದು, ಹೊಟ್ಟೆಗೆ ಅನ್ನ, ಮಲಗಲು ಒಣ ನೆಲ, ಮಳೆಗಾಲದಲ್ಲಿ ತಲೆಯ ಮೇಲೊಂದು ಸೂರು, ಇವು ಮನುಷ್ಯರ ಕೈಯಲ್ಲಿದ್ದವು. ಆರೇಳು ತಿಂಗಳಿಗೊಮ್ಮೆ ಒಬ್ಬ ವೈದ್ಯ ಬಂದುಹೋಗುವುದರಿಂದ ಆಗದ ಹಿತ ಈ ನಿತ್ಯದ ಕೆಲಸದಿಂದ ಆಗುತ್ತದೆ. ಮುಂದಿನ ವರ್ಷಗಳಲ್ಲಿ ಧರ್ಮಭಗಿನಿಯರು ಬಂದು ಕಂಕನಾಡಿಯಲ್ಲಿ ಶುಶ್ರೂಷೆಯ ಭಾರ ಹೊತ್ತರು. ಚರಿತ್ರೆಯ ಪುಟಗಳಲ್ಲಿ ಅವರಲ್ಲಿ ಬಹುಮಂದಿಯ ಹೆಸರು ನಿಂತಿಲ್ಲವೆಂಬುದು ವಿಷಾದದ ಸಂಗತಿ.

ಇಂತಹ ಸಂಸ್ಥೆಗೆ ಹಣ ಎಲ್ಲಿಂದ? ಒಂದು ಸಲ ಕಟ್ಟಡ ಕಟ್ಟಿಸಿಕೊಡುವ ಪುಣ್ಯವಂತರು ಎಲ್ಲ ಕಾಲದಲ್ಲಿಯೂ ದೊರೆಯುತ್ತಾರೆ. ವರ್ಷದ ಮುನ್ನೂರ ಅರವತ್ತೈದು ದಿನವೂ ಅಕ್ಕಿ ಬೇಯಿಸಲು ಕೊಡುವವರು ಕಡಿಮೆ. ಗುಣಹೊಂದಿ ಹೋಗದ ರೋಗಿಗಳ ಮನೆಯಲ್ಲಿ ಖರ್ಚಿಗೂ ಕೊನೆಯಿಲ್ಲ. ದಾನಿಗಳ ನೆರವನ್ನು ಮುಲ್ಲರ್ ಅವರು ಬೇಡದೆ ಇರಲಿಲ್ಲ, ಆದರೆ ಅದೊಂದನ್ನೇ ನಂಬಿ ಕೂರಲಿಲ್ಲ. ಕಂಕನಾಡಿಯಲ್ಲಿ ಸಿದ್ಧವಾದ ಔಷಧಗಳನ್ನು ಹೊರಗಿನವರಿಗೆ ಮಾರಿ, ಬಂದುದನ್ನು ಬಡರೋಗಿಗಳಿಗೆ ವಿನಿಯೋಗಿಸುವ ಏರ್ಪಾಟು ಮಾಡಿದರು. ರೈಲು ಮಂಗಳೂರನ್ನು ಮುಟ್ಟಿದುದು 1907ರಲ್ಲಿ. ಅದಕ್ಕೆ ಬಹುಮೊದಲೇ ಕಂಕನಾಡಿಯ ಔಷಧಗಳು ದೂರದೂರಗಳಿಗೆ ಹೋಗುತ್ತಿದ್ದವು. ಕಾಲೇಜಿನ ಅಧ್ಯಾಪಕರೊಬ್ಬರು ವ್ಯಾಪಾರದ ಲೆಕ್ಕ ಬರೆಯಲು ಸಂಕೋಚಪಡಲಿಲ್ಲ. ಸಂನ್ಯಾಸಿಗೆ ಇದು ತಕ್ಕುದೇ ಎಂದು ಕೇಳುವವರು ಆ ಲೆಕ್ಕದ ಖರ್ಚಿನ ಕಡೆಯ ಪುಟವನ್ನೂ ನೋಡಬೇಕು.

1897ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕುಷ್ಠ ಸಮ್ಮೇಳನ ರೋಗಿಗಳನ್ನು ಪ್ರತ್ಯೇಕಿಸುವುದೇ ಉಪಾಯವೆಂದು ಸಾರಿತು. ಮರುವರ್ಷ ಭಾರತದಲ್ಲಿ ಕುಷ್ಠರೋಗಿಗಳ ಕಾಯಿದೆ ಬಂದಿತು. ಅದರ ಪ್ರಕಾರ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದಾಗಿತ್ತು. ಸೋಜಿಗವೆಂದರೆ, ಭಾರತದಲ್ಲಿ 1890ರಲ್ಲಿ ತನಿಖೆಗೆ ತೊಡಗಿದ ಕುಷ್ಠ ಆಯೋಗ, ಈ ರೋಗ ವಂಶಪಾರಂಪರ್ಯವಲ್ಲ, ಅಂಟುವುದೂ ಅತ್ಯಲ್ಪ ಎಂದು ಅಭಿಪ್ರಾಯಪಟ್ಟಿತ್ತು. ಕಂಕನಾಡಿಯ ಬಾಗಿಲು ತೆರೆದುದು ಕಾಯಿದೆಗೆ ಎಂಟು ವರ್ಷ ಮೊದಲು. ಅಲ್ಲಿಗೆ ಮೊದಲು ಬಂದವರನ್ನು ಯಾವ ಶಾಸನವೂ ಅಟ್ಟಿ ತಂದುದಲ್ಲ. ಬೀದಿಯ ಕಣ್ಣಿಗೆ ಬೀಳದಂತೆ ರೋಗಿಯನ್ನು ಕೂಡಿಹಾಕುವುದಕ್ಕೂ, ಬೀದಿಗೆ ಬಿದ್ದವನನ್ನು ಒಳಗೆ ಕರೆದುಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟ.

ಶತಮಾನ ತಿರುಗುವ ಹೊತ್ತಿಗೆ ದೇಶದ ತುಂಬ ಪ್ಲೇಗು ಹರಡಿತ್ತು. 1902ರಲ್ಲಿ ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆಯೂ ತೆರೆಯಿತು. ಸರ್ಕಾರ ಮುಲ್ಲರ್ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರ ನವೆಂಬರ್ 1ರಂದು ಅವರು ದಿವಂಗತರಾದರು. ಮಂಗಳೂರಿಗೆ ಬಂದು ಮೂವತ್ತೆರಡು ವರ್ಷ ತುಂಬಲು ಎರಡು ತಿಂಗಳು ಉಳಿದಿತ್ತು. ಕುಷ್ಠಕ್ಕೆ ಮದ್ದು ದೊರೆಯಿತೆಂಬ ವಾರ್ತೆ ಕೇಳುವ ಭಾಗ್ಯ ಅವರಿಗಿರಲಿಲ್ಲ.

ಆ ವಾರ್ತೆ ಬಂದುದು 1940ರ ದಶಕದಲ್ಲಿ, ಅಮೆರಿಕದ ಕಾರ್ವಿಲ್ ಆಸ್ಪತ್ರೆಯ ಸಲ್ಫೋನ್ ಪ್ರಯೋಗಗಳ ಮೂಲಕ. ಅದೇ ದಶಕದ ಕೊನೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ವೆಲ್ಲೂರಿನಲ್ಲಿ ಮಡಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ರೋಗಿಗಳು ಮತ್ತೆ ಕೈಕೆಲಸ ಮಾಡುವಂತೆ ದಾರಿ ತೋರಿದರು. ಪುನರ್ವಸತಿ ಎಂಬ ಮಾತಿಗೆ ಆಗ ಹೊಸ ಅರ್ಥ ಬಂದಿತು. ಮುಲ್ಲರ್ ಅವರ ಸಂಸ್ಥೆಯೂ ಬೆಳೆದು, ಹೋಮಿಯೋಪಥಿ ಕಾಲೇಜನ್ನೂ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜನ್ನೂ ಪಡೆಯಿತು. ದೀರ್ಘಕಾಲದ ಆರೈಕೆಯ ಕೆಲಸ ಕಂಕನಾಡಿಯೊಂದಕ್ಕೇ ಸೀಮಿತವಾಗಿಯೂ ಉಳಿಯಲಿಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಶಕ್ತಿನಗರದಲ್ಲಿ ಬುದ್ಧಿಮಾಂದ್ಯತೆಯುಳ್ಳ ಮಕ್ಕಳಿಗಾಗಿ ಸಾನ್ನಿಧ್ಯ ಎಂಬ ವಸತಿಶಾಲೆ ಏರ್ಪಟ್ಟಿದೆ. ಅದನ್ನು ಕಟ್ಟಿದವರು ಬೇರೆ ಜನ, ಬೇರೆ ಪರಂಪರೆಯವರು. ಗುಣವಾಗಿ ಹೊರಡುವ ದಿನವನ್ನು ಎಣಿಸದೆ ಮಾಡಬೇಕಾದ ಕೆಲಸ ಅಲ್ಲಿಯೂ ಅದೇ.

ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಶಿಫಾರಸು ಮಾಡಿದರು. ಇಂದು ಆರು ತಿಂಗಳು, ಇಲ್ಲವೇ ಒಂದು ವರ್ಷ ಮಾತ್ರೆ ಸೇವಿಸಿದರೆ ಕುಷ್ಠ ವಾಸಿಯಾಗುತ್ತದೆ; ಮಾತ್ರೆಗಳು ಸರ್ಕಾರದಿಂದ ಉಚಿತವಾಗಿಯೇ ದೊರೆಯುತ್ತವೆ. 1898ರ ಕಾಯಿದೆಯನ್ನು ಸಂಸತ್ತು ರದ್ದುಗೊಳಿಸಿದುದು 2016ರಲ್ಲಿ. ಕುಷ್ಠವಿದ್ದರೆ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ತ್ಯಜಿಸಬಹುದೆಂಬ ಮಾತನ್ನು ವಿವಾಹ ಕಾಯಿದೆಗಳಿಂದ ತೆಗೆದುಹಾಕಲು 2019 ಬರಬೇಕಾಯಿತು.