ಲೋಲಕದ ತೂಗಾಟವನ್ನು ಎಣಿಸಿದ ಬಸೇವಿ

ಮಾಗಡಿಯ ಸಾವನದುರ್ಗವನ್ನಾಗಲಿ ಕನಕಪುರದ ಕಬ್ಬಾಳದುರ್ಗವನ್ನಾಗಲಿ ಬುಡದಲ್ಲಿ ನಿಂತು ನೋಡಿದವರಿಗೆ, ಇಷ್ಟು ದೊಡ್ಡ ಬಂಡೆಯ ಭಾರ ಎಷ್ಟಿರಬಹುದೆಂಬ ಪ್ರಶ್ನೆ ಹುಟ್ಟದಿರದು. ಬೆಟ್ಟವನ್ನು ತಕ್ಕಡಿಗೆ ಏರಿಸಲಾಗದು. ಆದರೆ ತೂಗಾಡುವ ಹಿತ್ತಾಳೆಯ ಲೋಲಕವೊಂದು ನೆಲದ ಸೆಳೆತವನ್ನು ಅಳೆದು ಹೇಳಬಲ್ಲದು. ಅಂಥ ಲೋಲಕಗಳನ್ನು ಹೊತ್ತು ಕನ್ಯಾಕುಮಾರಿಯ ಸಮೀಪದಿಂದ ಲಡಾಖಿನವರೆಗೆ ಸಂಚರಿಸಿದವರು ಕ್ಯಾಪ್ಟನ್ ಜೇಮ್ಸ್ ಪಲಾಡಿಯೊ ಬಸೇವಿ.

ಬಸೇವಿಯವರು 1832ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆ ಜಾರ್ಜ್ ಬಸೇವಿ ಹೆಸರಾಂತ ವಾಸ್ತುಶಿಲ್ಪಿ. 1845ರಲ್ಲಿ ಈಲಿ ಪ್ರಧಾನಾಲಯದ ಗೋಪುರವನ್ನು ಪರಿಶೀಲಿಸುತ್ತಿದ್ದಾಗ ಅವರು ಬಿದ್ದು ಮೃತರಾದರು. ಮಗನಿಗೆ ಆಗ ಹದಿಮೂರು ವರ್ಷ. ಮುಂದೆ ಆ ಮಗ ಭೂಮಿಯ ಸೆಳೆತವನ್ನೇ ಬದುಕಿನ ಕೆಲಸವಾಗಿ ಆರಿಸಿಕೊಂಡುದು ಕೇವಲ ಕಾಕತಾಳೀಯವಿರಬಹುದು.

ಬಂಗಾಳದ ಎಂಜಿನಿಯರುಗಳ ದಳವನ್ನು ಸೇರಿ ಭಾರತಕ್ಕೆ ಬಂದ ಬಸೇವಿಯವರು 1856ರಲ್ಲಿ ಮಹಾ ತ್ರಿಕೋನಮಿತಿ ಮೋಜಣಿಗೆ ನೇಮಕಗೊಂಡರು. ಆ ಸಮಯಕ್ಕೆ ಮೋಜಣಿದಾರರನ್ನು ಒಂದು ಒಗಟು ಕಾಡುತ್ತಿತ್ತು. ಹಿಮಾಲಯದಂಥ ಪರ್ವತರಾಶಿ ತೂಗುಗುಂಡನ್ನು ತನ್ನತ್ತ ಸೆಳೆಯಲೇಬೇಕು. ಕಲ್ಕತ್ತೆಯ ಆಂಗ್ಲಿಕನ್ ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕ ಹಾಕಿದಾಗ ಕೋನದ ವ್ಯತ್ಯಾಸ ಸುಮಾರು 15 ಸೆಕೆಂಡುಗಳಷ್ಟಿರಬೇಕಾಗಿತ್ತು. ಕಂಡುಬಂದುದು ಸುಮಾರು 5 ಮಾತ್ರ. ಪರ್ವತಗಳು ಕಾಣುವಷ್ಟು ಭಾರವಿಲ್ಲವೇ? ಇದನ್ನು ಬಗೆಹರಿಸಲು ರಾಯಲ್ ಸೊಸೈಟಿಯಿಂದ ಎರಡು ಹಿತ್ತಾಳೆಯ ಲೋಲಕಗಳನ್ನು ತರಿಸಲಾಯಿತು. 1865ರಲ್ಲಿ ಅವುಗಳ ಹೊಣೆ ಹೊತ್ತು ಬಸೇವಿಯವರು ಕೆಲಸಕ್ಕಿಳಿದರು.

ಲೋಲಕದ ಗುಟ್ಟು ಉಯ್ಯಾಲೆಯಾಡಿದ ಮಕ್ಕಳಿಗೆಲ್ಲ ಗೊತ್ತು. ತುದಿಯಲ್ಲಿ ಉಯ್ಯಾಲೆ ಕ್ಷಣಕಾಲ ನಿಂತಂತಾಗುತ್ತದೆ. ಆಗ ಅದರ ಶಕ್ತಿಯೆಲ್ಲ ಎತ್ತರದಲ್ಲಿ ಅಡಗಿದೆ. ಕೆಳಗಿಳಿದಂತೆ ಅದೇ ಶಕ್ತಿ ವೇಗವಾಗಿ ಮಾರ್ಪಟ್ಟು, ಮತ್ತೆ ಮೇಲೇರಿದಾಗ ಎತ್ತರವಾಗಿ ಮರಳುತ್ತದೆ. ಗಾಳಿಯೂ ಆಧಾರದ ತಿಕ್ಕಾಟವೂ ಪ್ರತಿ ಸಲವೂ ಸ್ವಲ್ಪ ಕಸಿದುಕೊಳ್ಳುವುದರಿಂದ ತೂಗಾಟ ಕ್ರಮೇಣ ಕುಗ್ಗುತ್ತದೆ. ಈ ಕಾರಣಕ್ಕೇ ಬಸೇವಿಯವರು ಲೋಲಕವನ್ನು ಗಾಳಿ ತೆಗೆದ ಪಾತ್ರೆಯೊಳಗೆ ತೂಗಿಸಿದರು. ತೂಗಾಟ ಚಿಕ್ಕದಿರುವವರೆಗೆ ಅದರ ಕಾಲವನ್ನು ನಿರ್ಧರಿಸುವುದು ಲೋಲಕದ ಉದ್ದ ಮತ್ತು ಅಲ್ಲಿನ ಗುರುತ್ವ. ಉದ್ದ ಬದಲಾಗದಿದ್ದರೆ ಉಳಿಯುವುದು ಗುರುತ್ವವೊಂದೇ. ಆದರೆ ಹಿತ್ತಾಳೆ ಸೆಕೆಗೆ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದಿನದ ಸುಮಾರು 86,000 ತೂಗಾಟಗಳಲ್ಲಿ ಮುಕ್ಕಾಲು ತೂಗಾಟದಷ್ಟು ನಷ್ಟ. ಅಷ್ಟು ಸೂಕ್ಷ್ಮದ ಲೆಕ್ಕವನ್ನು ಅವರು ನಕ್ಷತ್ರಗಳಿಗೆ ಹೊಂದಿಸಿದ ಗಡಿಯಾರದೊಡನೆ ತಾಳೆ ನೋಡುತ್ತ ತಿಂಗಳುಗಟ್ಟಲೆ ನಡೆಸಿದರು.

ನಮ್ಮ ನಾಡಿನ ಎರಡು ಊರುಗಳು ಈ ಪರೀಕ್ಷೆಗೆ ಒದಗಿದವು: ಬೆಂಗಳೂರು ಮತ್ತು ಮಂಗಳೂರು. ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿವೆ. ಒಂದು ಕಡಲ ಮಟ್ಟದಲ್ಲಿದ್ದರೆ ಮತ್ತೊಂದು ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದ ಕಾರಣದಿಂದಲೇ ಬೆಂಗಳೂರಿನಲ್ಲಿ ಲೋಲಕ ದಿನಕ್ಕೆ ಸುಮಾರು 12 ತೂಗಾಟ ಕಡಿಮೆ ಆಡಬೇಕು. ಆದರೆ ಕಾಲಡಿಯ ಪ್ರಸ್ಥಭೂಮಿಯ ಬಂಡೆ ತನ್ನ ಸೆಳೆತದಿಂದ ನಾಲ್ಕೈದನ್ನು ಮರಳಿ ಕೊಡಬೇಕು. ದೇಶದುದ್ದಕ್ಕೂ ದೊರೆತ ಫಲಿತಾಂಶ ಬೇರೆಯಾಗಿತ್ತು. ಲೆಕ್ಕ ಹಾಕಿದುದಕ್ಕಿಂತ ಒಳನಾಡಿನಲ್ಲಿ ಗುರುತ್ವ ಕಡಿಮೆ, ಕರಾವಳಿಯಲ್ಲಿ ಹೆಚ್ಚು, ಮಿನಿಕಾಯ್ ದ್ವೀಪದಲ್ಲಿ ಇನ್ನೂ ಹೆಚ್ಚು. ಎತ್ತರದ ನೆಲದಡಿ ಶಿಲೆ ಹಗುರವಾಗಿದ್ದು ಮೇಲಿನ ಭಾರವನ್ನು ಸರಿದೂಗಿಸುತ್ತದೆಂಬ ವಾದಕ್ಕೆ ಇದು ಬಲ ನೀಡಿತು.

ಉಳಿದುದು ಹಿಮಾಲಯದ ನಡುವಿನ ಪರೀಕ್ಷೆ. 1871ರಲ್ಲಿ ಬಸೇವಿಯವರು ಲಡಾಖಿನ ಮೋರೆ ಎಂಬಲ್ಲಿ, 15,000 ಅಡಿಗೂ ಮೀರಿದ ಎತ್ತರದಲ್ಲಿ, ಲೋಲಕಗಳನ್ನು ತೂಗಿಸಿದರು. ಚಳಿ, ತೆಳುಗಾಳಿ, ನಿದ್ದೆಗೆಟ್ಟ ರಾತ್ರಿಗಳು ಅವರ ದೇಹವನ್ನು ಜರ್ಜರಗೊಳಿಸಿದವು. ಅದೇ ಯಾತ್ರೆಯಲ್ಲಿ ಜುಲೈ 17ರಂದು ಅವರು ನಿಧನರಾದರು. ವಯಸ್ಸು 39.

ಬಾಕಿಯುಳಿದ ಕೆಲಸವನ್ನು ಹೆವಿಸೈಡ್ ಎಂಬ ಅಧಿಕಾರಿ ಪೂರ್ಣಗೊಳಿಸಿದರು. 1879ರಲ್ಲಿ ವರದಿ ಪ್ರಕಟವಾಯಿತು. 20ನೆಯ ಶತಮಾನದ ಆರಂಭದಲ್ಲಿ ಹೊಸ ಉಪಕರಣಗಳಿಂದ ಪರೀಕ್ಷಿಸಿದಾಗ, ಮೋರೆಯ ಅಂಕಿ ಇರಬೇಕಾದುದಕ್ಕಿಂತ ಚಿಕ್ಕದೆಂದು ತಿಳಿಯಿತು. ಲೋಲಕದೊಡನೆ ಅದನ್ನು ಹೊತ್ತ ಪೀಠವೂ ಕಣ್ಣಿಗೆ ಕಾಣದಷ್ಟು ಓಲಾಡಿತ್ತು. ಪರ್ವತಗಳ ಭಾರ ಬಹುಪಾಲು ಕೆಳಗಿನಿಂದ ಸರಿದೂಗುತ್ತದೆಂಬ ತೀರ್ಮಾನ ಮಾತ್ರ ಹಾಗೆಯೇ ಉಳಿದುಕೊಂಡಿತು.